ಅಕ್ಕ ಉಡಿಸಿದ ಸೀರೆ



ಬ್ಯಾಂಕಿನಲ್ಲಿ ಮೂವತ್ತೊಂಬತ್ತು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಓದಿದ್ದು ಎಸ್ಸೆಸ್ಸೆಲ್ಸಿ. ಇಂಥವನು ಹೆಂಗಸರ ಉಡುಪಿನ ಬಗ್ಗೆ ಮಾತಾಡಲು ಕೂತಿದ್ದಾನಲ್ಲ, ಇವನಿಗೇನು ಗೊತ್ತು ಎಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ ಅದು ಸರಿಯೇ. ಗೊತ್ತಿಲ್ಲ ಎನ್ನುವುದು ನನಗೆ ತಿಳಿದುಬಂದದ್ದು ಹೇಗೆ ಎನ್ನುವುದೇ ಈ ಹೊತ್ತಿನ ನನ್ನ ಮಾತು.

ನಮ್ಮ ತಾಳವಾಡಿ ಸೀಮೆಯವರಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಸಂತೆಯಲ್ಲಿ ಎರಡೂ ಬೇಕು. ನನ್ನ ಮೊಮ್ಮಗಳು ಏಳನೆಯ ಕ್ಲಾಸು. ಅವಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ಚೀಟಿ ಎತ್ತಬೇಕು, ಚೀಟಿಯಲ್ಲಿ ಯಾವ ದೇಶದ ಹೆಸರು ಬರುತ್ತದೋ ಆ ದೇಶದ ಹೆಂಗಸರ ಹಳೆಯ ಕಾಲದ ಉಡುಪಿನ ಚಿತ್ರ ಬರೆದು, ಒಂದೊಂದು ಭಾಗಕ್ಕೂ ಅದರ ಹೆಸರು ಬರೆಯಬೇಕು. ಎದುರು ಪುಟದಲ್ಲಿ ನಮ್ಮ ಊರಿನ ಉಡುಪು, ಅದಕ್ಕೂ ಹಾಗೆಯೇ ಹೆಸರುಗಳು. ಇವಳಿಗೆ ಬಂದದ್ದು ಲಿಥುವೇನಿಯಾ. ನಾನು ಆ ಹೆಸರನ್ನು ಪೇಪರಿನಲ್ಲಿ ಓದಿದ್ದೆ, ಅಷ್ಟೆ. ಬಾಲ್ಟಿಕ್ ಸಮುದ್ರದ ದಂಡೆಯ ಸಣ್ಣ ದೇಶ. ಜನಸಂಖ್ಯೆ ಮೂವತ್ತು ಲಕ್ಷವೂ ಇಲ್ಲ.

ಫೋನಿನಲ್ಲಿ ಹುಡುಕಿ, ಲೈಬ್ರರಿಯ ಪುಸ್ತಕ ನೋಡಿ, ಹುಡುಗಿ ಆ ಪುಟವನ್ನು ಎರಡೇ ದಿನದಲ್ಲಿ ಮುಗಿಸಿದಳು. ನಾರುಬಟ್ಟೆಯ ಬಿಳಿ ಅಂಗಿ, ಪಟ್ಟೆ ಅಥವಾ ಚೌಕುಳಿಯ ಉಣ್ಣೆ ಲಂಗ, ಅದರ ಮುಂದೆ ಮೇಲುವಸ್ತ್ರ, ಮೈಗೆ ಬಿಗಿಯಾದ ತೋಳಿಲ್ಲದ ಕುಪ್ಪಸ. ಸೊಂಟಕ್ಕೆ ಕೈಯಲ್ಲಿ ನೇಯ್ದ ನಡುಪಟ್ಟಿ, ಅದರ ಹೆಸರು ಯುವೊಸ್ತಾ. ಮದುವೆಯಾದವಳು ತಲೆಗೆ ಉದ್ದನೆಯ ಬಿಳಿ ಬಟ್ಟೆ ಸುತ್ತಬೇಕು. ಕನ್ಯೆ ತಲೆಗೆ ಪಟ್ಟಿ ಕಟ್ಟಿ ಜಡೆ ಬಿಡಬಹುದು. ಸಮುದ್ರದ ಕಡೆಯ ಸೀಮೆಯಲ್ಲಿ ಹೆಂಗಸರು ಸೊಂಟಕ್ಕೆ ಕಸೂತಿಯ ಒಂದು ಚೀಲ ನೇತುಹಾಕಿಕೊಳ್ಳುತ್ತಿದ್ದರು, ಅದಕ್ಕೆ ದೆಲ್ಮೋನಸ್ ಎಂದು ಹೆಸರು. ಆ ಕಡೆಯ ನಡುಪಟ್ಟಿಗಳಲ್ಲಿ ಅಕ್ಷರಗಳನ್ನೂ ನೇಯುತ್ತಿದ್ದರಂತೆ.

ಅಕ್ಷರದ ಮಾತು ಬಂದದ್ದರಿಂದ ಗಡಿಯವರಾದ ನಿಮಗೆ ಒಂದು ಸಂಗತಿ ಹೇಳಿಬಿಡುತ್ತೇನೆ. 1864ರಿಂದ 1904ರವರೆಗೆ ಆ ದೇಶವನ್ನು ಆಳುತ್ತಿದ್ದ ರಷ್ಯಾದ ಚಕ್ರವರ್ತಿಯ ಸರ್ಕಾರ, ಅವರ ಭಾಷೆಯನ್ನು ಅವರದೇ ಲಿಪಿಯಲ್ಲಿ ಅಚ್ಚು ಹಾಕಬಾರದೆಂದು ನಿಷೇಧಿಸಿತ್ತು. ಪುಸ್ತಕಗಳು ಪಕ್ಕದ ದೇಶದಲ್ಲಿ ಅಚ್ಚಾಗಿ ರಾತ್ರಿ ಹೊತ್ತು ಗಡಿ ದಾಟಿ ಬರುತ್ತಿದ್ದವು. ಹೊತ್ತು ತರುವವರು ಸಿಕ್ಕಿಬಿದ್ದರೆ ಜೈಲು, ಇಲ್ಲವೇ ಸೈಬೀರಿಯಾ. ನಮ್ಮ ಗಡಿಯಲ್ಲಿ ಚೆಕ್‌ಪೋಸ್ಟಿನವರು ತರಕಾರಿ ಮೂಟೆ ಬಿಚ್ಚಿಸಿದರೆ ಬೈದುಕೊಳ್ಳುತ್ತೇವೆ. ಕನ್ನಡ ಪುಸ್ತಕ ತಂದಿದ್ದಕ್ಕೆ ಯಾರೂ ನಮ್ಮನ್ನು ಹಿಡಿದಿಲ್ಲ. ಅಷ್ಟರಮಟ್ಟಿಗೆ ಪುಣ್ಯ.

ಒಂದು ಪುಟ ಮುಗಿಯಿತು. ಹುಡುಗಿ ಎದುರು ಪುಟ ತೆರೆದಿಟ್ಟುಕೊಂಡು, "ತಾತ, ಈಗ ನಮ್ಮದು ಹೇಳು" ಎಂದಳು.

ಸೀರೆ ಎಂದೆ. ಬರೆದುಕೊಂಡಳು. ರವಿಕೆ. ಬರೆದುಕೊಂಡಳು. ಸೆರಗು, ನೆರಿಗೆ, ಅಂಚು. ಅಲ್ಲಿಗೆ ನನ್ನ ಗಂಟು ಬರಿದಾಯಿತು. "ಅವರದು ಹನ್ನೊಂದು ಹೆಸರಿದೆ, ನಮ್ಮದು ಐದೇನಾ?" ಎಂದಳು. "ಯಾವ ತರಹ ಉಡುತ್ತಿದ್ದರು? ಎಷ್ಟು ಉದ್ದ? ದುಡ್ಡು ಎಲ್ಲಿ ಇಟ್ಟುಕೊಳ್ಳುತ್ತಿದ್ದರು?"

ಕೊನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಕೌಂಟರಿನ ಆಚೆ ನಿಂತ ಹೆಂಗಸರು ದುಡ್ಡು ತೆಗೆಯುವುದನ್ನು ನಾನು ಮೂವತ್ತೊಂಬತ್ತು ವರ್ಷ ನೋಡಿದ್ದೇನೆ. ಕೆಲವರು ಸೆರಗಿನ ತುದಿಯ ಗಂಟು ಬಿಚ್ಚುತ್ತಿದ್ದರು. ಆ ಗಂಟನ್ನು ಹಲ್ಲಿನಿಂದಲೇ ಬಿಚ್ಚಬೇಕು. ಕೆಲವರು ಸೊಂಟದ ಹತ್ತಿರ ಸೀರೆಯ ಮಡಿಕೆಯೊಳಕ್ಕೆ ಕೈಹಾಕಿ ಎಲೆಅಡಿಕೆಯ ಸಂಚಿ ತೆಗೆದು, ಅದರ ಒಳಗಿನ ಅರೆಯಿಂದ ನೋಟು ತೆಗೆಯುತ್ತಿದ್ದರು. ನೋಟಿಗೆ ಸುಣ್ಣ ಹತ್ತಿರುತ್ತಿತ್ತು, ಎಣಿಸಿದ ನನ್ನ ಬೆರಳಿಗೂ ಹತ್ತುತ್ತಿತ್ತು. ಅಷ್ಟು ವರ್ಷ ನೋಡಿಯೂ ಆ ಮಡಿಕೆಗೆ ಏನೆನ್ನುತ್ತಾರೆಂದು ನನಗೆ ತಿಳಿಯದು.

ಸತ್ಯಮಂಗಲದ ಕಡೆಯ ಒಂದು ಅಂಗಡಿಯಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ವೇಷಗಳನ್ನು ಬಾಡಿಗೆಗೆ ಕೊಡುತ್ತಾರೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಹೋಗಿ ಕೇಳಿದ್ದಾಯಿತು. ಕರ್ನಾಟಕದ ಸೀರೆ ಎಂದರೆ ಅವರು ಕೊಡಗಿನ ಉಡುಗೆ ಕೊಟ್ಟರು. ಚೆಂದದ ಉಡುಗೆಯೇ. ನೆರಿಗೆ ಹಿಂದಕ್ಕೆ ಬರುತ್ತದೆ, ಸೆರಗು ಬಲ ಹೆಗಲಿನ ಮೇಲೆ. ಕಾವೇರಿಯನ್ನು ತಡೆಯಲು ಹೆಂಗಸರು ನೀರಿಗಿಳಿದಾಗ ಹೊಳೆಯ ರಭಸಕ್ಕೆ ನೆರಿಗೆ ಹಿಂದಕ್ಕೆ ತಿರುಗಿತು ಎಂದು ಕೊಡವರು ಕಥೆ ಹೇಳುತ್ತಾರೆ. ಅದೇ ಕಾವೇರಿ ನಮ್ಮ ಜಿಲ್ಲೆಯ ಭವಾನಿಗೂ ಬರುತ್ತಾಳೆ. ಆದರೂ ಅದು ನಮ್ಮ ಉಡುಗೆಯಲ್ಲ. ಇಳಕಲ್ ಸೀರೆಯೂ ನಮ್ಮದಲ್ಲ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಎರಡನ್ನೂ ಎಳೆಗೆ ಎಳೆ ಕೂಡಿಸುವ ತೊಪೆ ತೆನಿ ಕೆಲಸ ಬಾಗಲಕೋಟೆ ಸೀಮೆಯದು. ಪಕ್ಕದ ನೀಲಗಿರಿಯ ಬಡಗರ ಹೆಂಗಸರು ಕಂಕುಳ ಕೆಳಗೆ ಸುತ್ತಿಕೊಳ್ಳುವ ಬಿಳಿ ಬಟ್ಟೆ, ತಲೆಗೆ ಕಟ್ಟುವ ಬಿಳಿ ವಸ್ತ್ರ ಬೇರೆಯೇ ಒಂದು ಅಂದ. ಬಡಗ ಎಂದರೆ ಉತ್ತರ. ನಮ್ಮ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿದವರು ತಾವು ಎಂದು ಅವರಲ್ಲಿ ಹೇಳಿಕೆಯಿದೆ. ಹೆತ್ತೆ ಹಬ್ಬಕ್ಕೆ ಇಂದಿಗೂ ಆ ಬಿಳಿ ಉಡುಪನ್ನೇ ಉಡುತ್ತಾರೆ. ಹಬ್ಬದ ಬಲದಿಂದ ಉಡುಪು ಉಳಿಯಿತು. ನಮ್ಮದಕ್ಕೆ ಅಂಥ ಹಬ್ಬವಿಲ್ಲ. ಇವತ್ತು ನಮ್ಮ ಕಡೆಯ ಹೆಂಗಸರ ಸಾಂಪ್ರದಾಯಿಕ ಉಡುಪು ಯಾವುದು ಎಂದು ಹೊರಗಿನವರು ಬಂದು ಬೀದಿಯಲ್ಲಿ ನಿಂತು ನೋಡಿದರೆ, ನೈಟಿ ಮತ್ತು ಅದರ ಮೇಲೊಂದು ಟವಲು ಎಂದು ಬರೆದುಕೊಂಡು ಹೋದಾರು.

ಕೊನೆಗೆ ನನ್ನ ಹೆಂಡತಿ ಅಟ್ಟದಿಂದ ಒಂದು ಗಂಟು ಇಳಿಸಿದಳು. ನಮ್ಮ ಮನೆಯ ಮೂರು ಮಕ್ಕಳಿಗೂ, ಆಮೇಲೆ ಈ ಮೊಮ್ಮಗಳಿಗೂ ಜೋಲಿ ಕಟ್ಟಿದ್ದ ಹಳೆಯ ಸೀರೆ. ಕೈಮಗ್ಗದ ಹತ್ತಿ ಸೀರೆ, ಕರಿ ಅಂಚು, ಇಟ್ಟಿಗೆ ಬಣ್ಣದ ಒಡಲು. "ಇದು ನಿಮ್ಮ ಅಕ್ಕನದಲ್ವಾ?" ಎಂದಳು.

ಅಕ್ಕನದೇ. ಆ ಸೀರೆ ನಮ್ಮ ಮನೆಗೆ ಬಂದ ಬಗೆಯನ್ನು ಹೇಳಬೇಕು. ಹೇಳದಿದ್ದರೆ ಈ ಮಾತಿಗೆ ಅರ್ಥವಿಲ್ಲ.

ಅಕ್ಕ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು. 1961ರಲ್ಲಿ ಅವಳ ಮದುವೆ, ಚಾಮರಾಜನಗರದ ಕಡೆಯ ಒಂದು ಹಳ್ಳಿಗೆ. ಧಾರೆ ಸೀರೆಯನ್ನು ಅಪ್ಪ ಕೊಳ್ಳೇಗಾಲದಿಂದ ತಂದಿದ್ದರು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು, 1956ರ ನವೆಂಬರ್ ಒಂದರವರೆಗೆ ಕೊಳ್ಳೇಗಾಲವೂ ನಮ್ಮ ಹಾಗೆಯೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅದು ಮೈಸೂರಿಗೆ ಹೋಯಿತು, ನಾವು ಮದರಾಸಿನಲ್ಲೇ ಉಳಿದೆವು, 1979ರಲ್ಲಿ ಈರೋಡಿನವರಾದೆವು. ಗೆರೆ ಎಲ್ಲಿ ಬಿದ್ದರೂ ರೇಷ್ಮೆ ಸೀರೆಗೆ ಕೊಳ್ಳೇಗಾಲವೇ. ನೇರಳೆ ಬಣ್ಣ, ಅಂಗೈಯಗಲದ ಜರಿ ಅಂಚು. ಆಗಿನ ಜರಿ ಎಂದರೆ ರೇಷ್ಮೆ ದಾರಕ್ಕೆ ಬೆಳ್ಳಿಯ ತಂತಿಯನ್ನು ತಟ್ಟಿ ಸುತ್ತಿ, ಮೇಲೆ ಚಿನ್ನದ ನೀರು ಕೊಟ್ಟದ್ದು. ಈಗಿನ ಹಾಗೆ ಪ್ಲಾಸ್ಟಿಕ್ ಹೊಳಪಲ್ಲ.

1983ರಲ್ಲಿ ಭಾವ ತೀರಿಕೊಂಡರು. ಅಕ್ಕನಿಗೆ ನಲವತ್ತು. ಬಳೆ, ಕುಂಕುಮ, ಹೂವು ಹೋದವು. ಬಣ್ಣದ ಸೀರೆಗಳು ಮನೆಯಲ್ಲಿ ಇರಬಾರದು ಎಂದು ಹಿರಿಯರು ಹೇಳಿದರು. ಟ್ರಂಕನ್ನು ಹೊತ್ತು ತಂದವನು ನಾನು. ಆಗ ನನಗೆ ಇಪ್ಪತ್ತೈದು, ಬ್ಯಾಂಕಿನ ಕೆಲಸ ಸಿಕ್ಕಿ ನಾಲ್ಕು ವರ್ಷ, ನಾನೇ ಬುದ್ಧಿವಂತ ಎಂಬ ಭಾವನೆ. ಬೀದಿಯಲ್ಲಿ ಹಳೇ ಜರಿ ಸೀರೆ ಕೊಳ್ಳುವವನು ಬಂದ. ಅವರು ಸೀರೆಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಧಾರೆ ಸೀರೆಯನ್ನೂ ಸೇರಿಸಿ ಮೂರು ಸೀರೆಗೆ ಇನ್ನೂರ ಎಂಬತ್ತು ರೂಪಾಯಿ ಕೊಟ್ಟ. ಅಷ್ಟನ್ನೂ ಅಕ್ಕನ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ಜಮಾ ಮಾಡಿ, ಪಾಸ್‌ಪುಸ್ತಕವನ್ನು ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ. ಅಕ್ಕನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಟ್ರಂಕಿನ ತಳದಲ್ಲಿದ್ದ ಹತ್ತಿ ಸೀರೆಗೆ ಜರಿಯವನು ಬೆಲೆ ಕಟ್ಟಲಿಲ್ಲ. ಹಾಗಾಗಿ ಅದು ಜೋಲಿಯಾಯಿತು.

ಹಳೆಯದೆಲ್ಲ ಒಳ್ಳೆಯದು ಎಂದು ಹೇಳುವವರ ಸಾಲಿಗೆ ನಾನು ಸೇರದಿರುವುದಕ್ಕೆ ಕಾರಣ ಇದು. ಉಡುಪು ಎಂದರೆ ಅಂದ ಮಾತ್ರವಲ್ಲ, ಯಾರು ಏನು ಉಡಬಹುದು, ಏನು ಉಡಬಾರದು ಎಂಬ ಕಟ್ಟುಪಾಡೂ ಹೌದು. ಕನ್ಯಾಕುಮಾರಿ ಸೀಮೆಯಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ರವಿಕೆಗಾಗಿ ದಶಕಗಟ್ಟಲೆ ಹೋರಾಡಿದ ಮೇಲೆ 1859ರಲ್ಲಿ ತಿರುವಾಂಕೂರಿನ ಮಹಾರಾಜರು ಅಪ್ಪಣೆ ಕೊಟ್ಟರು. ಲಿಥುವೇನಿಯಾದಲ್ಲೂ ಮದುವೆಯಾದವಳು ತಲೆಗೂದಲು ತೋರಿಸುವಂತಿರಲಿಲ್ಲ. ಚಿತ್ರದಲ್ಲಿ ಆ ಬಿಳಿ ತಲೆವಸ್ತ್ರ ಬಹಳ ಸೊಗಸಾಗಿ ಕಾಣುತ್ತದೆ.

ಇರಲಿ. ಸೀರೆಯನ್ನು ಚೀಲಕ್ಕೆ ಹಾಕಿಕೊಂಡು, ಹುಡುಗಿಯನ್ನು ಕರೆದುಕೊಂಡು, ಒಂದು ಭಾನುವಾರ ಗಡಿ ದಾಟಿ ಅಕ್ಕನ ಊರಿಗೆ ಹೋದೆ. ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಬೆಳಗಿನ ತಿಂಡಿ ಮರೆಯುತ್ತಾಳೆ, ನನ್ನನ್ನು ಒಮ್ಮೊಮ್ಮೆ ಅಪ್ಪನ ಹೆಸರಿನಿಂದ ಕರೆಯುತ್ತಾಳೆ. ಹುಡುಗಿ ಸೀರೆ ತೆಗೆದು ಮಡಿಲ ಮೇಲಿಟ್ಟಾಗ, ಅಕ್ಕ ಮಾತಾಡದೆ ಅಂಚನ್ನು ಬೆರಳಿನಲ್ಲಿ ಹಿಂದಿರುಗಿಸಿ ನೋಡಿದಳು.

"ಇದು ಸೀರೆ ಗಂಟಿನವನು ಕೊಟ್ಟಿದ್ದು ಕಣಪ್ಪ. ಘಾಟಿ ಕೆಳ್ಗಿಂದ ಬತ್ತಿದ್ದ. ನಮ್ ಮಾತೇ ಆಡ್ತಿದ್ದ."

ಆ ಗಂಟಿನವನು ದೇವಾಂಗದವನಿರಬೇಕು. ಘಾಟಿಯ ಕೆಳಗೆ ಕೊಯಮತ್ತೂರು, ಸೇಲಂ ಸೀಮೆಗಳಲ್ಲಿ ಮಗ್ಗ ಹೂಡಿರುವ ದೇವಾಂಗರಲ್ಲಿ ಬಹಳ ಮನೆಗಳವರು ಇಂದಿಗೂ ಮನೆಯೊಳಗೆ ಕನ್ನಡ ಆಡುತ್ತಾರೆ. ಅವರ ದೇವತೆ ಚೌಡೇಶ್ವರಿ. ಬೆತ್ತಲೆಯಿದ್ದ ದೇವತೆಗಳಿಗೂ ಮನುಷ್ಯರಿಗೂ ಬಟ್ಟೆ ಕೊಡಲೆಂದು ಶಿವ ದೇವಲ ಮಹರ್ಷಿಯನ್ನು ಹುಟ್ಟಿಸಿದ, ಆತ ವಿಷ್ಣುವಿನ ನಾಭಿಯ ತಾವರೆಯ ದಂಟಿನಿಂದ ನೂಲು ತಂದ ಎಂದು ಅವರ ಪುರಾಣ. ಬಡಗಲಿಂದ ತೆಂಕಲಿಗೆ ನಮ್ಮ ಭಾಷೆಯನ್ನು ಮಗ್ಗದ ಜೊತೆಯಲ್ಲೇ ಹೊತ್ತುಹೋದ ಜನ ಅವರು. ಅಕ್ಕನ ಕಾಲದ ಹೆಂಗಸರಿಗೆ ಸೀರೆ ಬರುತ್ತಿದ್ದದ್ದು ಅವರ ತಲೆಯ ಮೇಲಿನ ಗಂಟಿನಲ್ಲಿ. ಆಮೇಲೆ ನೈಲೆಕ್ಸ್ ಬಂತು. ಒಗೆದರೆ ಗಳಿಗೆಯಲ್ಲಿ ಒಣಗುತ್ತದೆ, ಗಂಜಿ ಬೇಡ, ಬೆಲೆ ಕಡಿಮೆ. ಹೆಂಗಸರು ಅದನ್ನು ಉಟ್ಟಿದ್ದು ತಪ್ಪು ಎಂದು ನಾನು ಹೇಳಲಾರೆ, ಹತ್ತಿ ಸೀರೆ ಒಗೆದು ಹಿಂಡುವ ಕೈ ನನ್ನದಲ್ಲ. ನಮ್ಮ ಕಡೆ 1983ರಿಂದ ಎಂ.ಜಿ.ಆರ್. ಸರ್ಕಾರದ ಯೋಜನೆಯಂತೆ ಪೊಂಗಲ್ ಹಬ್ಬಕ್ಕೆ ಬಡವರಿಗೆ ಸೀರೆ, ಪಂಚೆ ಕೊಡಲು ಆರಂಭವಾಯಿತು. ನೇಕಾರರಿಗೆ ಕೆಲಸ ಸಿಗಲೆಂಬುದೂ ಅದರ ಉದ್ದೇಶ. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲೇ ನೇಯಬೇಕೆಂದು ಕೇಂದ್ರದ ಕಾಯಿದೆಯೂ ಬಂತು. ಸೀರೆ ಗಂಟಿನವನು ಮಾತ್ರ ಮತ್ತೆ ಬೆಟ್ಟ ಹತ್ತಲಿಲ್ಲ.

ಅಕ್ಕ ಎದ್ದು ನಿಂತಳು. ಹುಡುಗಿಯನ್ನು ಚೂಡಿದಾರದ ಮೇಲೆಯೇ ನಿಲ್ಲಿಸಿಕೊಂಡು, ಕೇಳಿದಳು:

"ಎಲ್ಲಿಗೆ ಉಡಿಸ್ಲಿ ಕೂಸು? ಹೊಲಕ್ಕಾ, ಗುಡಿಗಾ?"

ನಾನು ಪುಸ್ತಕಗಳಲ್ಲಿ ನೋಡದ ಪ್ರಶ್ನೆ ಅದು. ಎರಡೂ ಉಡಿಸು ಅಜ್ಜಿ ಎಂದಳು ಹುಡುಗಿ, ಪೆನ್ನು ಕೈಯಲ್ಲಿ ಹಿಡಿದುಕೊಂಡೇ.

ಆಮೇಲೆ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ತಿಂಡಿ ಮರೆಯುವ ಅಕ್ಕನ ಕೈಗಳು ಒಂದು ಕ್ಷಣವೂ ತಡವರಿಸಲಿಲ್ಲ. ಸೀರೆ ಹದಿನಾರು ಮೊಳ, ಅಂದರೆ ಎಂಟು ಗಜ. ಹುಡುಗಿ ಟೇಪು ಹಿಡಿದಾಗ ಏಳು ಮೀಟರಿಗೆ ಸ್ವಲ್ಪ ಮೇಲೆ ಬಂತು. ಈಗಿನ ಸೀರೆ ಆರು ಗಜವೂ ಇರುವುದಿಲ್ಲ. ಆ ಎರಡು ಗಜ ಹೆಚ್ಚಿಗೆ ಏತಕ್ಕೆ ಎಂದರೆ, ಸೊಂಟಕ್ಕೆ ಎರಡು ಸುತ್ತು ಬರಲಿ ಎಂದು. ಮೊದಲ ಸುತ್ತು ಬಲಗಡೆ ಗಂಟು. ಒಳಗೆ ಲಂಗ ಇಲ್ಲದ ಕಾಲದ ಉಡುಗೆ ಅದು. ಎರಡನೆಯ ಸುತ್ತಿಗೆ ಮುಂದೆ ನೆರಿಗೆ. ಹೊಲಕ್ಕೆ ಹೋಗುವುದಾದರೆ ಅಂಚನ್ನು ಮೀನಖಂಡದ ಮಟ್ಟಕ್ಕೆ ಎತ್ತಿ, ಹೆಚ್ಚಾದದ್ದನ್ನು ಸೊಂಟದಲ್ಲಿ ಸುರುಳಿ ಸುತ್ತಬೇಕು. ಆ ಸುರುಳಿಯ ಒಂದು ಮಡಿಕೆಯನ್ನು ಅಕ್ಕ ಎಳೆದು, ತಿರುಚಿ, ಒಳಕ್ಕೆ ಸಿಕ್ಕಿಸಿ, "ಇದು ಬಾಳೆಕಾಯಿ" ಎಂದಳು.

ನಾನು ಮೂವತ್ತೊಂಬತ್ತು ವರ್ಷ ನೋಡಿಯೂ ಹೆಸರು ತಿಳಿಯದಿದ್ದ ಮಡಿಕೆ! ಎಲೆಅಡಿಕೆ ಸಂಚಿ, ಬೀಗದ ಕೈ, ದುಡ್ಡು ಎಲ್ಲಕ್ಕೂ ಅದೇ ಜಾಗ. ಹುಡುಗಿ ಕೂಡಲೇ ತನ್ನ ಪುಸ್ತಕದ ಎಡಪುಟ ನೋಡಿ, "ಇದು ನಮ್ಮ ದೆಲ್ಮೋನಸ್" ಎಂದಳು. ಅವರದು ಹೊಲಿದು ನೇತುಹಾಕಿದ ಚೀಲ. ನಮ್ಮದು ಬಟ್ಟೆಯಲ್ಲೇ ಹುಟ್ಟಿ, ಬಿಚ್ಚಿದರೆ ಮಾಯವಾಗುವ ಚೀಲ.

ಸೆರಗನ್ನು ಬೆನ್ನ ಹಿಂದಿನಿಂದ ತಂದು ಹೆಗಲ ಮೇಲೆ ಹಾಕಿ, ತುದಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದಳು. ಅವರೆಕಾಯಿ ಕೀಳುವಾಗ, ಹತ್ತಿ ಬಿಡಿಸುವಾಗ ಅದೇ ಸೆರಗನ್ನು ಮುಂದಕ್ಕೆ ತಂದು ಎರಡು ತುದಿ ಎತ್ತಿ ಕಟ್ಟಿದರೆ ಮಡಿಲು. ಬಸುರಿಗೆ, ತವರಿನಿಂದ ಹೊರಡುವ ಮಗಳಿಗೆ ಅಕ್ಕಿ, ಕಾಯಿ, ರವಿಕೆ ಕಣ ಹಾಕಿ ಮಡ್ಲಕ್ಕಿ ತುಂಬುವುದೂ ಆ ಮಡಿಲಿಗೇ. ಗುಡಿಗಾದರೆ ಸುರುಳಿ ಬಿಚ್ಚಿ ಅಂಚನ್ನು ಹಿಮ್ಮಡಿಯವರೆಗೆ ಇಳಿಸಿ, ಸೆರಗನ್ನು ಎರಡೂ ಹೆಗಲು ಮುಚ್ಚುವಂತೆ ಹೊದಿಸಬೇಕು. ಮೇಲೆ ಕುಪ್ಪಸ. ಗುಂಡಿಯಿಲ್ಲ, ಹುಕ್ಕಿಲ್ಲ, ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು. "ನಮ್ಮವ್ವ ಅದನ್ನ ಹಬ್ಬಕ್ಕೆ ಮಾತ್ರ ತೊಡ್ತಿದ್ಲು. ಹೊಲದಲ್ಲಿ ಯಾರಿಗೆ ಕುಪ್ಪಸ?" ಎಂದಳು ಅಕ್ಕ. ನಮ್ಮ ಅವ್ವ ರವಿಕೆಯಿಲ್ಲದೆ ಹೊಲಕ್ಕೆ ಹೋಗುತ್ತಿದ್ದದ್ದು ನನಗೂ ಮಸುಕಾಗಿ ನೆನಪಿದೆ.

ಘಾಟಿಯ ಕೆಳಗಿನ ಕೊಂಗುನಾಡಿನ ಹಳೆಯ ಹೆಂಗಸರು ನೆರಿಗೆಯನ್ನು ಹಿಂದಕ್ಕೆ ಇಡುತ್ತಿದ್ದರು, ತಮಿಳಿನಲ್ಲಿ ಅದಕ್ಕೆ ಪಿನ್ ಕೊಸುವಂ ಎನ್ನುತ್ತಾರೆ. ಬಣ್ಣಾರಿ ಅಮ್ಮನ ಜಾತ್ರೆಯಲ್ಲಿ ಸಾಲು ನಿಂತಾಗ, ಮಾತು ಕೇಳಿಸುವ ಮೊದಲೇ ನೆರಿಗೆ ನೋಡಿ ಇವಳು ಕೆಳಗಿನವಳು, ಇವಳು ಮೇಲಿನವಳು ಎಂದು ಅಕ್ಕ ಹೇಳಿಬಿಡುತ್ತಿದ್ದಳಂತೆ.

ಹುಡುಗಿ ಎರಡು ಸಾಲು ಮಾಡಿಕೊಂಡು ಬರೆದಳು. ಸೆರಗಿಗೆ ಮುಂದಾನೈ. ನೆರಿಗೆಗೆ ಕೊಸುವಂ. ಜೋಲಿಗೆ ತೂಳಿ. ಮಡಿಲಿಗೆ ತಮಿಳಿನಲ್ಲಿ ಮಡಿ. ಇಲ್ಲಿ ಅಕ್ಕ ನಕ್ಕಳು. ಅವಳ ಮನೆಗೆ ಒಮ್ಮೆ ಕೆಳಗಿನ ಊರಿನ ಸೊಸೆಯೊಬ್ಬಳು ಬಂದಿದ್ದಾಗ ಅತ್ತೆ "ಮಡಿಯಲ್ಲಿದ್ದೀನಿ, ಮುಟ್ಟಬೇಡ" ಎಂದರಂತೆ. ಆ ಹುಡುಗಿ ಅತ್ತೆ ಯಾರ ಮಡಿಲಲ್ಲಿ ಕೂತಿದ್ದಾರೆ ಎಂದು ಸುತ್ತ ನೋಡಿದಳಂತೆ. ಬಾಳೆಕಾಯಿಯ ಎದುರು ತಮಿಳು ಮಾತು ಯಾರಿಗೂ ಹೊಳೆಯಲಿಲ್ಲ. ವಾಳೈಕ್ಕಾಯ್ ಎಂದು ಬರೆದರೆ ಟೀಚರು ಬಜ್ಜಿ ಎಂದುಕೊಂಡಾರು ಎಂದು ಆ ಜಾಗ ಬಿಟ್ಟಳು. ಒಟ್ಟು ಹದಿನಾಲ್ಕು ಹೆಸರಾಯಿತು. ಲಿಥುವೇನಿಯಾಕ್ಕಿಂತ ಮೂರು ಹೆಚ್ಚು.

ಮೊಮ್ಮಗಳು ಕೇಳಿದಳು, "ಅಜ್ಜಿ, ವಾರ್ಷಿಕೋತ್ಸವಕ್ಕೆ ಇದನ್ನೇ ಉಟ್ಟು ಸ್ಟೇಜ್ ಮೇಲೆ ಹೋಗ್ಲಾ?"

"ಇದೇನು ವೇಷವಾ?" ಎಂದಳು ಅಕ್ಕ, ದನಿ ಗಡುಸಾಯಿತು. "ನನಗಿದ್ದದ್ದು ಎರಡು ಸೀರೆ. ಒಂದು ಮೈ ಮೇಲೆ, ಒಂದು ತಂತಿ ಮೇಲೆ. ಬಣ್ಣದ್ದು ಅಂತ ಇದ್ದದ್ದು ಬೇರೆ." ಆಮೇಲೆ ನನ್ನ ಕಡೆ ತಿರುಗಿದಳು. ಇವತ್ತು ನನ್ನ ಹೆಸರು ಅವಳಿಗೆ ನೆನಪಿತ್ತು. "ಆ ನೇರಳೆ ಸೀರೆ ದುಡ್ಡು ಇನ್ನೂ ಅಲ್ಲೇ ಇದ್ಯಾ?"

ಇದೆ ಎಂದೆ. ಖಾತೆ ನಿಂತುಹೋಗದ ಹಾಗೆ ನಾನೇ ನೋಡಿಕೊಂಡು ಬಂದಿದ್ದೇನೆ. ನಲವತ್ತು ವರ್ಷದ ಬಡ್ಡಿ ಸೇರಿ ಎಷ್ಟಾಗಿದೆ ಎಂದು ಹೇಳಬಲ್ಲೆ, ಲೆಕ್ಕದಲ್ಲಿ ನಾನು ತಪ್ಪುವವನಲ್ಲ. ಆದರೆ ಮೊತ್ತ ಬಾಯಿಂದ ಹೊರಡಲಿಲ್ಲ. ತಪ್ಪಾಯಿತು ಅಕ್ಕ ಎಂದೆ. ಅವಳು ಅದಕ್ಕೆ ಏನೂ ಹೇಳಲಿಲ್ಲ. ಹುಡುಗಿಯ ಮೈಯಿಂದ ಸೀರೆ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ಮಡಿಸಿ ನಮ್ಮ ಚೀಲಕ್ಕೆ ಹಾಕಲಿಲ್ಲ, ತನ್ನ ಗೂಡಿನಲ್ಲಿಟ್ಟಳು.

ಸೀರೆ ಈಗ ಅಕ್ಕನ ಮನೆಯಲ್ಲಿದೆ. ಹೊಲಕ್ಕೆ ಹೋಗುವ ವಯಸ್ಸಲ್ಲ, ಗುಡಿಗೂ ಅಪರೂಪ. ಆದರೂ ವಾರಕ್ಕೆ ಎರಡು ದಿನ ಅದನ್ನೇ ಉಡುತ್ತಾಳೆ ಎಂದು ಅವಳ ಮಗ ಫೋನಿನಲ್ಲಿ ಹೇಳಿದ. ಸುತ್ತುಗಟ್ಟಿನ ಮುದುಕಿಯರು, ಬಣ್ಣದ ಅಂಚಲ್ಲವೇ ಎಂದು ಮೊದಲೆರಡು ಸಲ ಕೇಳಿದರಂತೆ. ಹೋದ ತಿಂಗಳು ನಾನು ಹೋದಾಗ ಅಕ್ಕ ಬೇರೆ ಸೀರೆ ಉಟ್ಟು ಜಗುಲಿಯಲ್ಲಿ ಕೂತಿದ್ದಳು. ಕರಿ ಅಂಚಿನದು ಹಿತ್ತಿಲ ತಂತಿಯ ಮೇಲೆ, ಹದಿನಾರು ಮೊಳವೂ ಬಿಚ್ಚಿಕೊಂಡು, ಒಣಗುತ್ತಿತ್ತು.